ನಿಮ್ಮ ತಾಯ್ ಸುಯ್ ಯಾರು? ಲೆಕ್ಕ ಹಾಕುವ ಬಗೆ

ಚೀನೀ ನಂಬಿಕೆಯಲ್ಲಿ ತಾಯ್ ಸುಯ್ ವರ್ಷಾಧಿಪತಿ. ಆಕಾಶದ ಗುರುಗ್ರಹಕ್ಕೆ ಪ್ರತಿಯಾಗಿ ನೆಲದಡಿ ಸಂಚರಿಸುವ ಶಕ್ತಿ. ವರ್ಷಕ್ಕೊಬ್ಬರಂತೆ ಒಟ್ಟು 60 ಮಂದಿ, ನಮ್ಮ ಪ್ರಭವಾದಿ ಸಂವತ್ಸರಗಳಷ್ಟೇ.

ಹುಟ್ಟಿದ ಇಸವಿಯಿಂದ 3 ಕಳೆದು 60ರಿಂದ ಭಾಗಿಸಿ. ಶೇಷವೇ ನಿಮ್ಮ ತಾಯ್ ಸುಯ್‌ನ ಕ್ರಮಸಂಖ್ಯೆ. ಸೊನ್ನೆ ಬಂದರೆ 60. 1990ಕ್ಕೆ 7 ಬರುತ್ತದೆ. ಎಡವಟ್ಟಾಗುವುದು ವರ್ಷದ ಆರಂಭದಲ್ಲಿ ಹುಟ್ಟಿದವರಿಗೆ: 1990ರ ಚೀನೀ ಹೊಸ ವರ್ಷ ಬಂದದ್ದು ಜನವರಿ 27ಕ್ಕೆ. ಅದಕ್ಕೂ ಮೊದಲು ಹುಟ್ಟಿದವರು 1989 ಹಿಡಿಯಬೇಕು, ಅಂದರೆ 6. ಬೀಜಿಂಗ್‌ನ ಬಾಯ್‌ಯುನ್ ಗುವಾನ್ ದೇಗುಲದಲ್ಲಿ ಅರವತ್ತೂ ಮೂರ್ತಿಗಳಿವೆ. ಸಂಖ್ಯೆ ತಪ್ಪಿದರೆ ಊದುಬತ್ತಿ ಇನ್ಯಾರದೋ ಮುಂದೆ!

ಚೀನೀ ಪಂಚಾಂಗದ ಹನ್ನೆರಡು ಪ್ರಾಣಿಗಳ ಚಕ್ರದಲ್ಲಿ ಕುದುರೆ ವರ್ಷವಾದ 2026ರಲ್ಲಿ ತಾಯ್ ಸುಯ್‌ನ ದಿಕ್ಕು ದಕ್ಷಿಣ. ಅತ್ತ ನೆಲ ಅಗೆಯುವುದಿಲ್ಲ. ಕುದುರೆ ವರ್ಷದಲ್ಲಿ ಮತ್ತು ಚಕ್ರದಲ್ಲಿ ಅದಕ್ಕೆದುರಾದ ಇಲಿ ವರ್ಷದಲ್ಲಿ ಹುಟ್ಟಿದವರು ವರ್ಷಾರಂಭದಲ್ಲಿ ಶಾಂತಿ ಮಾಡಿಸಿ, ವರ್ಷಾಂತ್ಯಕ್ಕೆ ಕೃತಜ್ಞತೆಯ ಪೂಜೆ ಸಲ್ಲಿಸುತ್ತಾರೆ. ಎರಡನೆಯದನ್ನು ಬಿಟ್ಟರೆ ಹರಕೆ ಅರ್ಧಕ್ಕೇ ನಿಂತಂತೆ.