ಫಲಿತಾಂಶದ ದಿನ ಮಕ್ಕಳ ಜೊತೆ ನಿಲ್ಲುವುದು ಹೇಗೆ?

ಮಗಳ ಎಸ್ಸೆಸ್ಸೆಲ್ಸಿ ಫಲಿತಾಂಶ ಮೊಬೈಲಿನಲ್ಲಿ ತೆರೆದುಕೊಂಡಾಗ ನನ್ನ ಬಾಯಿಂದ ಮೊದಲು ಹೊರಬಿದ್ದ ಮಾತು: ‘ಗಣಿತದಲ್ಲಿ ಇಷ್ಟೇನಾ?’ ಅವಳು ಉತ್ತರಿಸಲಿಲ್ಲ. ತಟ್ಟೆಯಲ್ಲಿದ್ದ ಅವಲಕ್ಕಿಯನ್ನು ಚಮಚದಿಂದ ಒಂದು ಬದಿಗೆ ಸರಿಸುತ್ತಲೇ ಕುಳಿತಳು, ಒಂದು ತುತ್ತೂ ತಿನ್ನಲಿಲ್ಲ. 625ಕ್ಕೆ ಎಷ್ಟು ಬಂದಿತ್ತೆಂಬುದು ನನಗೀಗ ಸರಿಯಾಗಿ ನೆನಪಿಲ್ಲ, ಆ ತಟ್ಟೆ ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಆಮೇಲೆ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

1. ಮಾತನ್ನು ಮೊದಲೇ ಆಡಿಡಿ

ಫಲಿತಾಂಶಕ್ಕೆ ನಾಲ್ಕು ದಿನ ಇರುವಾಗಲೇ, ‘ಎಷ್ಟೇ ಬರಲಿ, ನಾನು ಬೈಯುವುದಿಲ್ಲ. ಮೊದಲು ನನ್ನ ಹತ್ತಿರ ಬಾ’ ಎಂದು ಹೇಳಿ. ಹೇಳಿದಂತೆ ನಡೆದುಕೊಳ್ಳಿ. ಅನುತ್ತೀರ್ಣರಾದರೆ ವರ್ಷವೇ ಹಾಳು ಎಂಬ ಭಯ ಮಕ್ಕಳಲ್ಲಿ ಆಳವಾಗಿರುತ್ತದೆ. ನಮ್ಮ ರಾಜ್ಯದಲ್ಲಿ 2024ರಿಂದ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ಪರೀಕ್ಷೆಯನ್ನು ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಬರೆಯುವ ಅವಕಾಶವಿದೆ. ಇದನ್ನು ಅವರಿಗೆ ಬಿಡಿಸಿ ಹೇಳಿ.

2. ಆ ದಿನದ ಫೋನ್ ನಿಮ್ಮ ಕೈಯಲ್ಲಿರಲಿ

‘ಎಷ್ಟು ಬಂತು?’ ಎಂದು ಕೇಳುವ ನೆಂಟರಿಗೆ ನೀವೇ ಉತ್ತರ ಕೊಡಿ. ಮಗುವಿನ ಅಪ್ಪಣೆ ಇಲ್ಲದೆ ಅಂಕಗಳನ್ನು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ.

3. ಎದುರಿಗೆ ಕೂರಿಸಿಕೊಂಡು ವಿಚಾರಣೆ ಮಾಡಬೇಡಿ

ಮುಖ ನೋಡಿಕೊಂಡು ‘ಏನಾಯಿತು, ಹೇಳು’ ಎಂದರೆ ಹರೆಯದವರ ಬಾಯಿ ಕಟ್ಟಿಹೋಗುತ್ತದೆ. ಅದೇ ಸ್ಕೂಟರಿನ ಹಿಂದೆ ಕುಳಿತಾಗ, ಅವರೆಕಾಳು ಬಿಡಿಸುವಾಗ ಮಾತು ತಾನಾಗಿ ಬರುತ್ತದೆ. ನನ್ನ ಮಗಳು ಬಾಯಿ ಬಿಟ್ಟದ್ದು ಮೂರನೆಯ ದಿನ, ಬಟ್ಟೆ ಮಡಚುವಾಗ. ‘ಅಮ್ಮ, ನಿನಗೆ ನಾಚಿಕೆಯಾಯಿತಾ?’ ಎಂದು ಕೇಳಿದಳು. ಅಂಕಗಳಿಗಿಂತ ನನ್ನ ಮುಖವೇ ಅವಳನ್ನು ಹೆಚ್ಚು ನೋಯಿಸಿತ್ತು. ಅಂಥ ಹೊತ್ತಿನಲ್ಲಿ ಬುದ್ಧಿವಾದ ಬೇಡ, ನಿಮ್ಮ ಕಾಲದ ಕಷ್ಟದ ಕಥೆಯೂ ಬೇಡ. ‘ನನ್ನ ಮಾತು ತಪ್ಪಾಯಿತು’ ಎಂದು ಮಕ್ಕಳ ಮುಂದೆ ಒಪ್ಪಿಕೊಂಡರೆ ನಾವು ಸಣ್ಣವರಾಗುವುದಿಲ್ಲ.

4. ಊಟ, ನಿದ್ದೆಯ ಮೇಲೆ ಕಣ್ಣಿಡಿ

ಈ ವಯಸ್ಸಿಗೆ ದಿನಕ್ಕೆ 8ರಿಂದ 10 ತಾಸು ನಿದ್ದೆ ಬೇಕು. ರಾತ್ರಿ ತಡವಾಗಿ ನಿದ್ದೆ ಹತ್ತುವುದಕ್ಕೆ ದೇಹದೊಳಗಿನ ಬದಲಾವಣೆಯೂ ಕಾರಣ, ಸೋಮಾರಿತನ ಎಂದು ಹಂಗಿಸಬೇಡಿ.

5. ಸಹಾಯ ಕೇಳಲು ಹಿಂಜರಿಯಬೇಡಿ

ಎರಡು ವಾರ ಕಳೆದರೂ ಮಂಕು ಹರಿಯದಿದ್ದರೆ, ಗೆಳೆಯರನ್ನು ದೂರ ಮಾಡಿದರೆ, ಇಷ್ಟದ ಆಟವೂ ಬೇಡವೆಂದರೆ ವೈದ್ಯರನ್ನು ಕಾಣಿ. ‘ನಾನು ಇರಬಾರದಿತ್ತು’ ಎಂಬಂಥ ಮಾತು ಕಿವಿಗೆ ಬಿದ್ದರೆ ಎರಡು ವಾರ ಕಾಯಬಾರದು, ಅಂದೇ ಹೊರಡಬೇಕು. ‘ಸಾಯಬೇಕು ಅನ್ನಿಸುತ್ತಿದೆಯಾ?’ ಎಂದು ನೇರವಾಗಿಯೇ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಒಳಗಿದ್ದ ಭಾರ ಹೊರಬರಲು ದಾರಿಯಾಗುತ್ತದೆ. ಮಗುವನ್ನು ಒಂಟಿಯಾಗಿ ಬಿಡಬೇಡಿ. ಹೊಲಕ್ಕೆ ತಂದ ಕೀಟನಾಶಕ, ಮನೆಯ ಮಾತ್ರೆಗಳು ಬೀಗದೊಳಗಿರಲಿ.

ಕೇಂದ್ರ ಸರ್ಕಾರದ ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಮಕ್ಕಳ ಸಹಾಯವಾಣಿ 1098. ಎರಡನ್ನೂ ಇಂದೇ ಗೋಡೆಯ ಕ್ಯಾಲೆಂಡರಿನ ಮೇಲೆ, ಗ್ಯಾಸ್ ಸಿಲಿಂಡರಿನ ಸಂಖ್ಯೆಯ ಪಕ್ಕದಲ್ಲಿ, ಮಕ್ಕಳ ಕಣ್ಣಿಗೂ ಬೀಳುವಂತೆ ಬರೆದಿಡಿ.