ನಿಸಿದಿಗಲ್ಲು, ವೀರಗಲ್ಲುಗಳಲ್ಲಿ ಪಂಥವನ್ನು ಗುರುತಿಸುವ ಬಗೆ

ಕಾದಾಡಿ ಮಡಿದವರ ನೆನಪಿನ ವೀರಗಲ್ಲಾಗಲಿ, ವ್ರತ ಹಿಡಿದು ದೇಹ ಬಿಟ್ಟ ಜೈನರ ನೆನಪಿನ ನಿಸಿದಿಗಲ್ಲಾಗಲಿ, ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದ ಪಟ್ಟಿಕೆ ಸಾವು ಹೇಗಾಯಿತೆಂಬುದನ್ನು ತೋರಿದರೆ, ಸತ್ತವನು ಯಾರನ್ನು ನಂಬಿದ್ದನೆಂಬುದು ತುದಿಯ ಪಟ್ಟಿಕೆಯಲ್ಲಿರುತ್ತದೆ. ಕಾದಾಟ ಕಂಡೊಡನೆ ಶೈವನೆಂದು ತೀರ್ಮಾನಿಸುವವರು ಎಡವುವುದು ಇಲ್ಲಿಯೇ, ಏಕೆಂದರೆ ಯುದ್ಧದಲ್ಲಿ ಮಡಿದ ಜೈನರಿಗೂ ವೀರಗಲ್ಲುಗಳಿವೆ ಮತ್ತು ಅವುಗಳ ನೆತ್ತಿಯಲ್ಲಿ ಜಿನಬಿಂಬವಿರುತ್ತದೆ.

ಶ್ರವಣಬೆಳಗೊಳದಲ್ಲಾಗಲಿ ಸೊರಬ ತಾಲ್ಲೂಕಿನ ಹಿರೇಆವಲಿಯಲ್ಲಾಗಲಿ ನಿಸಿದಿಯೊಂದರ ಮುಂದೆ ನಿಂತಾಗ, ಎದುರುಬದುರು ಕುಳಿತ ಇಬ್ಬರ ನಡುವಿನ ಜಾಗವನ್ನು ಮೊದಲು ನೋಡಿರಿ. ಗ್ರಂಥ ಇಡುವ ಅಡ್ಡಕಾಲಿನ ಪುಟ್ಟ ವ್ಯಾಸಪೀಠವಿದ್ದರೆ, ಅದು ಸಲ್ಲೇಖನ (ಆಹಾರ ತೊರೆದು ದೇಹ ಬಿಡುವ) ವ್ರತ ಹಿಡಿದವರಿಗೆ ಗುರು ಬೋಧಿಸುತ್ತಿರುವ ದೃಶ್ಯ. ಬೋಳುತಲೆ, ನವಿಲುಗರಿಯ ಪಿಂಛ, ಕಮಂಡಲು ಗುರುವಿನವು. ಕೈಮುಗಿದು ಕುಳಿತಿರುವುದು ವ್ರತಿ. ಮೇಲೆ ಮುಕ್ಕೊಡೆಯ ಕೆಳಗೆ ಪದ್ಮಾಸನದ ತೀರ್ಥಂಕರನಿದ್ದರೆ ಅನುಮಾನ ಉಳಿಯದು.

ಶೈವರ ವೀರಗಲ್ಲಿನ ತುದಿಯಲ್ಲಿ ಸಾಮಾನ್ಯವಾಗಿ ಲಿಂಗ, ಪೂಜಿಸುವ ಯತಿ, ನಂದಿ, ಕೈಮುಗಿದ ವೀರ ಕಾಣುತ್ತಾರೆ. ಜಟೆಯಿರುವ ಯತಿಯನ್ನೆಲ್ಲ ಕಾಳಾಮುಖ ಎಂಬ ಶೈವ ಪಂಥದವನೆನ್ನುವ ಚಾಳಿ ನಮ್ಮಲ್ಲಿದೆ. ಬಳ್ಳಿಗಾವೆಯ ಕೋಡಿಯಮಠದಂಥ ಕಾಳಾಮುಖ ಕೇಂದ್ರದ ಸುತ್ತಮುತ್ತ ಆ ಊಹೆಗೆ ತುಸು ಬಲವಿದ್ದರೂ, ಶಾಸನದ ಆಧಾರವಿಲ್ಲದೆ ಹಾಗೆ ಬರೆದುಕೊಳ್ಳಬಾರದು. ಗುರುವಿನ ಹೆಸರು -ಶಕ್ತಿ ಅಥವಾ -ರಾಶಿ ಎಂದು ಮುಗಿದರೆ ಶೈವ ಪರಂಪರೆಯತ್ತಲೂ -ಸೇನ, -ನಂದಿ, -ಕೀರ್ತಿ ಎಂದಿದ್ದರೆ ಜೈನ ಪರಂಪರೆಯತ್ತಲೂ ಅದು ಬೆರಳು ತೋರುತ್ತದೆ. ಗುಡಿಗಳಲ್ಲಿ ಕಾಣುವ, ಶಿವನ ಅವತಾರವೆನಿಸಿದ ಲಕುಲೀಶನನ್ನು ಜಿನನೆಂದು ತಿಳಿಯುವುದುಂಟು. ಅವನೂ ಪದ್ಮಾಸನದಲ್ಲಿ ಕುಳಿತಿರುತ್ತಾನಾದರೂ, ಕೈಯಲ್ಲಿನ ದೊಣ್ಣೆ ಮತ್ತು ಮಾದಲ ಹಣ್ಣು ಗುರುತು ಬಿಟ್ಟುಕೊಡುತ್ತವೆ.

ನೆತ್ತಿಯ ಸೂರ್ಯಚಂದ್ರರನ್ನು ಪಂಥದ ಲೆಕ್ಕಕ್ಕೆ ಹಿಡಿಯಬೇಡಿರಿ; ಅವು ಆಚಂದ್ರಾರ್ಕ, ಎಂದರೆ ಸೂರ್ಯಚಂದ್ರರಿರುವವರೆಗೂ ಉಳಿಯುವ, ಕೀರ್ತಿಯ ಗುರುತುಗಳಷ್ಟೆ, ಎಲ್ಲರ ಕಲ್ಲಿನಲ್ಲೂ ಇರುತ್ತವೆ.

ಸವೆದ ಕಲ್ಲಿಗೆ ಸುಣ್ಣವನ್ನೋ ಎಣ್ಣೆಯನ್ನೋ ಬಳಿಯದೆ, ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ನೋಡಿರಿ. ನಡುಹಗಲಲ್ಲಿ ಕಾಣದ ಪಿಂಛದ ಗೆರೆಗಳು ಆಗ ನೆರಳಿನಿಂದ ಎದ್ದುಬರುತ್ತವೆ.

ಗುರುತಿಸಿದ್ದನ್ನು ಬರೆದಿಡುವಾಗ ಆ ಒಬ್ಬ ವ್ಯಕ್ತಿಗೆ ಮಾತ್ರ ಅನ್ವಯಿಸಿರಿ, ಮನೆತನಕ್ಕಲ್ಲ. ಹೊಯ್ಸಳರ ರಾಣಿ ಶಾಂತಲೆಯ ತಂದೆ ಮಾರಸಿಂಗಯ್ಯ ಶೈವ. ತಾಯಿ ಮಾಚಿಕಬ್ಬೆಯಾದರೋ ಜೈನಳಾಗಿ ಬೆಳಗೊಳದಲ್ಲಿ ಸಲ್ಲೇಖನದಿಂದ ದೇಹ ಬಿಟ್ಟವಳು.