ಕುಂತು ದುಡಿಯುವವಳ ಸೊಂಟದ ಅಳತೆ

ಬೆಟಗೇರಿಯಲ್ಲಿ ನನ್ನದು ಹೊಲಿಗೆ ಅಂಗಡಿ. ಅಳತೆ ತೆಗೆಯುವುದೇ ಕೆಲಸವಾದ್ದರಿಂದ ಗದಗ ಬೆಟಗೇರಿಯ ಹೆಣ್ಣುಮಕ್ಕಳ ಮೈ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತದೆ ಎಂಬುದು ನನಗೆ ಟೇಪಿನ ಮೇಲೆಯೇ ಕಾಣುತ್ತದೆ. ಹಳೇ ಜಂಪರು ಹಿಡಿದುಕೊಂಡು ಬಂದು, "ಅಕ್ಕಾರ, ಎರಡೂ ಬಗಲಾಗ ಒಂದೊಂದ ಹೊಲಿಗಿ ಬಿಚ್ಚಿ ಕೊಡ್ರಿ" ಅನ್ನುತ್ತಾರೆ. ಮುಂದೆ ಹೀಗಾಗುತ್ತದೆ ಅಂತ ಗೊತ್ತಿದ್ದೇ ನಾವು ಬಗಲಲ್ಲಿ ಒಂದಿಂಚು ಅರಿವೆ ಒಳಗೆ ಮಡಚಿ ಹೊಲಿದಿರುತ್ತೇವೆ. ಬಿಚ್ಚಿಸಿಕೊಂಡು ಹೋಗುವಾಗ ಹೆಚ್ಚಿನವರು ಆಡುವ ಮಾತು ಒಂದೇ: "ವಯಸ್ಸಾತಲ್ರೀ, ಇನ್ನ ಮೈ ಬರೋದ."

ನನ್ನ ಜಂಪರಿನ ಬಗಲಲ್ಲೂ ಬಿಚ್ಚಲು ಹೊಲಿಗೆ ಉಳಿಯದೇ ಇದ್ದಾಗ ಈ ಮಾತು ನಿಜವೇ ಅಂತ ಮಗಳನ್ನು ಕೇಳಿದೆ. ಅವಳು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಸಮುದಾಯ ವಿಜ್ಞಾನ ಓದುತ್ತಾಳೆ. ಆಹಾರ, ಪೋಷಣೆ ಅವಳ ಪಾಠದಲ್ಲೇ ಬರುತ್ತವೆ. ಅವಳು ಹೇಳಿದ್ದು ಕೇಳಿ ನನಗೆ ಧೈರ್ಯ ಬಂತು. 2021ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಹರ್ಮನ್ ಪಾಂಟ್ಜರ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರ ದೊಡ್ಡ ಅಧ್ಯಯನವೊಂದು ಬಂತು. 29 ದೇಶಗಳ 6,400ಕ್ಕೂ ಹೆಚ್ಚು ಜನರು, ಎಂಟು ದಿನದ ಕೂಸಿನಿಂದ 95 ವರ್ಷದ ಮುದುಕರವರೆಗೆ. ಮೈಯ ಗಾತ್ರಕ್ಕೆ ತಕ್ಕಂತೆ ಲೆಕ್ಕ ಹಾಕಿದರೆ, 20ರಿಂದ 60ನೇ ವಯಸ್ಸಿನವರೆಗೆ ಮೈ ಖರ್ಚು ಮಾಡುವ ಶಕ್ತಿ ಹೆಚ್ಚೂಕಡಿಮೆ ಒಂದೇ ಸಮ ಇರುತ್ತದೆ. ಅರವತ್ತು ದಾಟಿದ ಮೇಲೆ ವರ್ಷಕ್ಕೆ ಶೇಕಡಾ 0.7ರಷ್ಟು ಇಳಿಯುತ್ತದೆ, ಅಷ್ಟೇ. ಅಂದಮೇಲೆ ನಲವತ್ತಕ್ಕೆ ನಮ್ಮ ಚಯಾಪಚಯ, ಅಂದರೆ ಉಂಡದ್ದನ್ನು ಮೈ ಶಕ್ತಿಯಾಗಿ ಸುಡುವ ಕೆಲಸ, ತಾನಾಗಿ ಕುಸಿದು ಹೋಗುವುದಿಲ್ಲ. ನಡುವೆ ಬದಲಾಗಿದ್ದು ನಾವು ಬದುಕುವ ರೀತಿ.

ನನ್ನ ಬದುಕಿನಲ್ಲಿ ಬದಲಾಗಿದ್ದು ಏನು ಅಂತ ಹುಡುಕಲು ದೂರ ಹೋಗಬೇಕಾಗಲಿಲ್ಲ. ಮೊದಲು ನನ್ನದು ಕಾಲು ಮಷೀನು. ದಿನಾ ಏಳೆಂಟು ತಾಸು ಎರಡೂ ಕಾಲು ಆಡುತ್ತಿದ್ದವು. ಆಮೇಲೆ ಮೋಟರ್ ಕೂಡಿಸಿದೆ. ಕೆಲಸ ಬೇಗ ಆಯಿತು, ಮಣಕಾಲು ನೋವು ಕಮ್ಮಿ ಆಯಿತು, ಗಳಿಕೆಯೂ ಹೆಚ್ಚಿತು. ಆದರೆ ಬಲಗಾಲಿನ ಬೆರಳ ತುದಿ ಬಿಟ್ಟರೆ ಕೆಳಗಿನ ಅರ್ಧ ಮೈಗೆ ಕೆಲಸವೇ ಇಲ್ಲ. ಜೊತೆಗೆ ಮಿಕ್ಸರ್ ಬಂತು, ಬಟ್ಟೆ ಒಗೆಯುವ ಮಷೀನು ಬಂತು, ಹಿಟ್ಟಿನ ಗಿರಣಿಗೆ ಹೋಗಿ ಬರುವ ಕೆಲಸವನ್ನು ಮಗನ ಗಾಡಿ ಮಾಡಿತು. ತಾಟಿನಲ್ಲಿ ಮಾತ್ರ ರೊಟ್ಟಿ, ಅನ್ನ ಎಲ್ಲ ಮೊದಲಿನಷ್ಟೇ.

ದಿನಕ್ಕೆ ನಾವು ಸುಡುವ ಶಕ್ತಿಯಲ್ಲಿ ಶೇಕಡಾ 60ರಿಂದ 70ರಷ್ಟು ಸುಮ್ಮನೆ ಬಿದ್ದುಕೊಂಡಿದ್ದರೂ ಖರ್ಚಾಗುತ್ತದೆ. ಎದೆ ಬಡಿಯಲು, ಉಸಿರಾಡಲು, ಮಿದುಳು, ಯಕೃತ್ತು, ಮೂತ್ರಪಿಂಡ ನಡೆಯಲು. ಉಂಡದ್ದನ್ನು ಅರಗಿಸಿಕೊಳ್ಳಲು ಸುಮಾರು 10. ಉಳಿದದ್ದು ನಮ್ಮ ಓಡಾಟದ್ದು. ಮೊದಲನೆಯದನ್ನು ಯಾವ ಕಷಾಯವೂ ಹೇಳಿಕೊಳ್ಳುವಷ್ಟು ಏರಿಸುವುದಿಲ್ಲ. ಜೀರಿಗೆ ನೀರು, ನಿಂಬೆ ಜೇನು, ಗ್ರೀನ್ ಟೀ ಎಲ್ಲ ಕುಡಿಯುವವರನ್ನು ದಿನಾ ನೋಡುತ್ತೇನೆ. ಬಿಸಿನೀರು ಹೊಟ್ಟೆಗೆ ಹಿತ, ಕುಡಿಯಲಿ. ಆದರೆ ದೊಡ್ಡ ಚಮಚ ಜೇನಿನಲ್ಲಿ 60ಕ್ಕೂ ಹೆಚ್ಚು ಕ್ಯಾಲೊರಿ ಇರುತ್ತದೆ, ಅದೂ ಸಕ್ಕರೆಯದೇ. ಸಾವಿರಾರು ರೂಪಾಯಿ ಕೊಟ್ಟು ತೂಕ ಇಳಿಸುವ ಪುಡಿ ತರಿಸಿಕೊಳ್ಳುವ ಹೆಣ್ಣುಮಕ್ಕಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಆ ರೊಕ್ಕದಲ್ಲಿ ಮನೆಯವರಿಗೆಲ್ಲ ತಿಂಗಳುಗಟ್ಟಲೆ ಕಾಳು ಬರುತ್ತವೆ.

ಹಾಗಾಗಿ ನನ್ನ ಕೈಗೆ ಸಿಗುವಂಥವು ಮೂರೇ ಅಂತ ತಿಳಿದುಕೊಂಡೆ: ಓಡಾಟ, ತಾಟು, ಸ್ನಾಯು.

ಓಡಾಟ ಅಂದರೆ ವಾಕಿಂಗ್ ಅಂತಲೇ ಎಲ್ಲರೂ ತಿಳಿಯುತ್ತಾರೆ. ಭೀಷ್ಮ ಕೆರೆಯ ದಂಡೆಗೆ ಬೆಳಿಗ್ಗೆ ಹೋಗುವುದು ಬಹಳ ಒಳ್ಳೆಯದು, ರವಿವಾರ ನಾನೂ ಹೋಗುತ್ತೇನೆ. ಆದರೆ ಮುಕ್ಕಾಲು ತಾಸು ನಡೆದು ಬಂದು ಉಳಿದ ಹತ್ತು ತಾಸು ಕುಂತೇ ಇದ್ದರೆ ಅದರ ಲಾಭ ಒಂದಿಷ್ಟು ಕೈತಪ್ಪುತ್ತದೆ. ಅದಕ್ಕೇ ನಾನು ಅಂಗಡಿಯನ್ನೇ ತಿರುಗಿಸಿ ಇಟ್ಟೆ. ಮೊದಲು ಒಂದೇ ಸಲಕ್ಕೆ ಎಲ್ಲ ಜಂಪರು ಕತ್ತರಿಸಿ, ಒಂದೇ ಸಲಕ್ಕೆ ಎಲ್ಲ ಹೊಲಿದು, ಕೊನೆಗೆ ಎಲ್ಲಕ್ಕೂ ಇಸ್ತ್ರಿ ಹಾಕುತ್ತಿದ್ದೆ. ಈಗ ಒಂದು ಜಂಪರು ಕತ್ತರಿಸುವುದು ನಿಂತು, ಹೊಲಿಯುವುದು ಕುಂತು, ಇಸ್ತ್ರಿ ಮತ್ತೆ ನಿಂತು, ಆಮೇಲೆ ಮುಂದಿನದು. ಕತ್ತರಿಸುವ ಟೇಬಲ್ಲಿನ ಕಾಲಿಗೆ ಇಟ್ಟಿಗೆ ಕೊಟ್ಟು ಸೊಂಟದೆತ್ತರಕ್ಕೆ ಏರಿಸಿದೆ, ಇಲ್ಲವಾದರೆ ಬಗ್ಗಿ ಬಗ್ಗಿ ಬೆನ್ನು ಹಿಡಿಯುತ್ತದೆ. ಇಸ್ತ್ರಿ ಪೆಟ್ಟಿಗೆ ಅಂಗಡಿಯ ಆ ತುದಿಗೆ, ದಾರದ ಉಂಡೆಗಳು ಈ ತುದಿಗೆ, ನೀರಿನ ತಂಬಿಗೆ ಒಳಮನೆಗೆ. ಫಾಲ್ ಹಚ್ಚುವಂಥ ಅವಸರವಿಲ್ಲದ ಕೆಲಸಕ್ಕೆ ಮೂಲೆಯಲ್ಲಿದ್ದ ಹಳೆಯ ಕಾಲು ಮಷೀನಿಗೆ ಎಣ್ಣೆ ಬಿಟ್ಟು ಮತ್ತೆ ಹೂಡಿದೆ. ಹೀಗೆ ಮಾಡಿದರೆ ದಿನದಲ್ಲಿ ಒಂದು ಜಂಪರಿನಷ್ಟು ಕೆಲಸ ಹಿಂದೆ ಬೀಳುತ್ತದೆ ನಿಜ. ಆದರೂ ನನಗೆ ಈ ಲೆಕ್ಕ ಒಪ್ಪಿಗೆ. ಸಂಜೆ ಹೊತ್ತಿಗೆ ಕಾಲು ಬಾಯುವುದು ನಿಂತಿತು, ಸೊಂಟ ಹಿಡಿಯುವುದು ನಿಂತಿತು. ರಾತ್ರಿ ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಓಣಿಯಲ್ಲೇ ತಿರುಗುತ್ತೇವೆ, ನಾನೂ ಮನೆಯವರೂ. ಉಂಡ ಕೂಡಲೇ ನಡೆದರೆ ರಕ್ತದಲ್ಲಿ ಸಕ್ಕರೆ ಒಮ್ಮೆಲೇ ಏರುವುದಿಲ್ಲ. ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವ ಮನೆಯವರಿಗೆ ಇದು ಇನ್ನೂ ಬೇಕಾದದ್ದು.

ಇನ್ನು ತಾಟು. ತೂಕ ಇಳಿಸಬೇಕಾದರೆ ರೊಟ್ಟಿ ಬಿಟ್ಟು ಓಟ್ಸ್ ತಿನ್ನಬೇಕು ಅನ್ನುವ ಮಾತು ನಮ್ಮ ಓಣಿಗೂ ಬಂದಿದೆ. ನಮ್ಮ ಅತ್ತೆ, "ರೊಟ್ಟಿ ಬಿಟ್ರ ತ್ರಾಣ ಎಲ್ಲಿಂದ ಬರಬೇಕವ್ವಾ?" ಅಂತ ಕೇಳಿದರು. ಅವರು ಕೇಳಿದ್ದು ಸರಿ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಅಷ್ಟೇ ನಾರು ಇದೆ. ಹೊಟ್ಟೆ ಬಹಳ ಹೊತ್ತು ತುಂಬಿದಂತೆ ಇರುತ್ತದೆ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಮ್ಮಿ, ಕಾಳುಗಳಲ್ಲಿ ಅದು ಧಾರಾಳ. ರೊಟ್ಟಿಯ ಜೊತೆ ಮಡಕಿ ಕಾಳಿನ ಪಲ್ಯ ಇಟ್ಟುಕೊಂಡು ಬಂದ ನಮ್ಮ ಹಿರಿಯರ ತಾಟು ಆ ಕೊರತೆಯನ್ನು ತಾನೇ ತುಂಬಿಕೊಂಡಿತ್ತು. ಡಂಬಳದ ರೊಟ್ಟಿ ಜಾತ್ರೆಯಲ್ಲಿ ಪಂಕ್ತಿಗೆ ಕುಂತು ಖಡಕ್ ರೊಟ್ಟಿ, ಕರಿಂಡಿ, ಬಜ್ಜಿ ಪಲ್ಯ ಉಂಡವರಿಗೆ ಈ ಊಟ ಬಿಡು ಅಂತ ಯಾರು ಹೇಳಿಯಾರು? ನಾನಂತೂ ಬಿಡಲಿಲ್ಲ. ತಾಟಿನ ಪಾಲು ಬದಲಿಸಿದೆ, ಅಷ್ಟೇ.

ಪ್ರೋಟೀನಿನ ಮೇಲೆ ನಾನು ಇಷ್ಟು ಜೋರು ಕೊಡುವುದಕ್ಕೆ ಕಾರಣ ಇದೆ. ಪ್ರೋಟೀನಿನಲ್ಲಿರುವ ಶಕ್ತಿಯ ಶೇಕಡಾ 20ರಿಂದ 30ರಷ್ಟು ಅದನ್ನು ಅರಗಿಸಿಕೊಳ್ಳುವುದಕ್ಕೇ ಹೋಗುತ್ತದೆ. ಹಿಟ್ಟು, ಸಕ್ಕರೆಗೆ 5ರಿಂದ 10, ಎಣ್ಣೆ ತುಪ್ಪಕ್ಕೆ 3ರ ಒಳಗೆ. ಹಸಿವನ್ನು ತಡೆಯುವುದರಲ್ಲೂ ಪ್ರೋಟೀನೇ ಮುಂದು. ದೊಡ್ಡವರಿಗೆ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಬೇಕು ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ನನ್ನ ತೂಕಕ್ಕೆ ಅದು ಸುಮಾರು 55 ಗ್ರಾಂ. ನಮ್ಮ ಮನೆಯಲ್ಲಿ ತತ್ತಿ ತಿನ್ನುವುದಿಲ್ಲ. ಹಾಗಾದರೆ ಎಲ್ಲಿಂದ ತರುವುದು ಅಂತ ಮಗಳ ಜೊತೆ ಕುಂತು ತಕ್ಕಡಿ ಹಿಡಿದು ನೋಡಿದೆ. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೆ ದಿನದ ಮೂರು ರೊಟ್ಟಿಗೆ 15 ಗ್ರಾಂ ಪ್ರೋಟೀನು. ಒಣಕಾಳು 50 ಗ್ರಾಂ ನೆನೆಸಿ ಮೊಳಕೆ ಕಟ್ಟಿದರೆ 11. ಸಾರಿನ ತೊಗರಿಬೇಳೆ 30 ಗ್ರಾಮಿಗೆ ಆರೇಳು. ಹಾಲು, ಮೊಸರು, ಮಜ್ಜಿಗೆ ಸೇರಿ 350 ಮಿಲಿ ಹಾಲಿನಷ್ಟಾದರೆ 11. ಒಂದು ಹಿಡಿ ಶೇಂಗಾಕ್ಕೆ 6, ಒಂದು ಹಿಡಿ ಪುಠಾಣಿಗೆ 5. ಅಲ್ಲಿಗೆ ಲೆಕ್ಕ ತುಂಬಿತು. ಎಲ್ಲ ಗದಗಿನ ಪೇಟೆಯಲ್ಲೇ ಸಿಗುವಂಥವು, ಡಬ್ಬಿಯ ಪುಡಿ ಒಂದೂ ಬೇಕಾಗಲಿಲ್ಲ.

ಈಗ ನನ್ನ ಮಧ್ಯಾಹ್ನದ ತಾಟಿನಲ್ಲಿ ಅರ್ಧ ಜಾಗ ಪಲ್ಯ, ಪಚಡಿಯದು. ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು, ಮೆಂತೆ, ಮೂಲಂಗಿ, ಸವತಿಕಾಯಿ, ಸಂತೆಯಲ್ಲಿ ಏನು ತಾಜಾ ಇರುತ್ತದೋ ಅದು. ಎರಡು ರೊಟ್ಟಿ, ದೊಡ್ಡ ವಾಟಗಾ ಕಾಳುಪಲ್ಯ, ಮಜ್ಜಿಗೆ. ಅನ್ನ ಎರಡು ತುತ್ತು. ಶೇಂಗಾ ಚಟ್ನಿ ಒಂದು ಚಮಚ, ಗುರೆಳ್ಳು ಚಟ್ನಿಯಾದರೆ ಅದೂ ಅಷ್ಟೇ, ಯಾಕೆಂದರೆ ಶೇಂಗಾದ ತೂಕದಲ್ಲಿ ಅರ್ಧದ ಸಮೀಪ ಎಣ್ಣೆಯೇ. ಚಟ್ನಿ ಒಳ್ಳೆಯದೇ, ಆದರೆ ಅದರ ಮೇಲೆ ಮತ್ತೆ ಎಣ್ಣೆ ಸುರಿದುಕೊಳ್ಳುವುದನ್ನು ಬಿಟ್ಟು ಮೊಸರಿನಲ್ಲಿ ಕಲಸುತ್ತೇನೆ.

ಎಣ್ಣೆಯ ವಿಷಯಕ್ಕೆ ನಾನು ಚಮಚ ಎಣಿಸುವುದಿಲ್ಲ, ಕ್ಯಾನಿನ ಮೇಲೆ ತಾರೀಖು ಬರೆಯುತ್ತೇನೆ. ತಲೆಗೆ ದಿನಕ್ಕೆ 25 ಗ್ರಾಮಿನಂತೆ ನಾಲ್ಕು ಜನರ ನಮ್ಮ ಮನೆಗೆ ಐದು ಲೀಟರಿನ ಕ್ಯಾನು ಒಂದೂವರೆ ತಿಂಗಳು ಬರಬೇಕು. ಮೊದಲು ತಿಂಗಳೂ ತುಂಬುತ್ತಿರಲಿಲ್ಲ. ಎಣ್ಣೆಗಾಯಿ ಮಾಡುವುದನ್ನು ನಿಲ್ಲಿಸಲಿಲ್ಲ. ಬದನೆಕಾಯಿಗೆ ಮಸಾಲಿ ತುಂಬಿ, ಎಣ್ಣೆ ಕಮ್ಮಿ ಹಾಕಿ, ಮುಚ್ಚಳದ ಮೇಲೆ ನೀರು ನಿಲ್ಲಿಸಿ ಸಣ್ಣ ಉರಿಯಲ್ಲಿ ಬೇಯಿಸಿದರೆ ತಳ ಹತ್ತುವುದಿಲ್ಲ, ರುಚಿಯೂ ಕೆಡುವುದಿಲ್ಲ. ಸಂಜೆಯ ಮಿರ್ಚಿ, ಗಿರ್ಮಿಟ್ ವಾರಕ್ಕೊಮ್ಮೆ, ಅದೂ ಹೋಗಿ ಕುಂತು ತಿನ್ನುವುದು, ಕಟ್ಟಿಸಿಕೊಂಡು ಮನೆಗೆ ತರುವುದಿಲ್ಲ. ಗದಗಿನಲ್ಲಿದ್ದುಕೊಂಡು ಮಿರ್ಚಿಯನ್ನೇ ಬಿಡು ಅನ್ನುವ ಪಥ್ಯ ಯಾರ ಕೈಲೂ ಬಹಳ ದಿನ ನಡೆಯುವುದಿಲ್ಲ.

ಚಹಾ ಬೇರೆಯೇ ಕಥೆ. ಗಿರಾಕಿ ಬಂದಾಗೊಮ್ಮೆ ಚಾ ತರಿಸುವುದು ನಮ್ಮ ಕಡೆಯ ಮರ್ಯಾದೆ. ಕಪ್ಪಿಗೆ ಎರಡು ಚಮಚ ಸಕ್ಕರೆ ಅಂದರೆ ಹತ್ತು ಗ್ರಾಂ, ಐದು ಕಪ್ಪಿಗೆ ಐವತ್ತು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 25 ಗ್ರಾಮಿನ ಸುತ್ತಮುತ್ತ ಇದ್ದರೆ ಉತ್ತಮ ಅನ್ನುತ್ತದೆ. ಬಂದವರಿಗೆ ಚಾ ಕೊಡುವುದನ್ನು ಬಿಡಲಾಗದು, ಬಿಡಲೂಬಾರದು. ನನ್ನ ಕೈಗೆ ಮಾತ್ರ ಮಜ್ಜಿಗೆಯ ಲೋಟ. ನನ್ನ ಪಾಲಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಚಾ, ಅರ್ಧ ಚಮಚ ಸಕ್ಕರೆ.

ಸ್ನಾಯುವಿನ ಮಾತು ನಮ್ಮ ಹೆಣ್ಣುಮಕ್ಕಳ ಕಿವಿಗೆ ಬೀಳುವುದೇ ಇಲ್ಲ. ಉಪವಾಸ ಬಿದ್ದು ತೂಕ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಒಂದು ಕಿಲೋ ಸ್ನಾಯು ಸುಮ್ಮನಿದ್ದಾಗ ದಿನಕ್ಕೆ ಸುಮಾರು 13 ಕ್ಯಾಲೊರಿ ಸುಡುತ್ತದೆ, ಒಂದು ಕಿಲೋ ಕೊಬ್ಬು ನಾಲ್ಕೂವರೆ. ವ್ಯತ್ಯಾಸ ದೊಡ್ಡದಲ್ಲ. ಆದರೆ ಉಂಡ ಸಕ್ಕರೆಯನ್ನು ರಕ್ತದಿಂದ ಹೆಚ್ಚಾಗಿ ಎಳೆದುಕೊಳ್ಳುವುದು ಸ್ನಾಯುವೇ, ವಯಸ್ಸಾದ ಮೇಲೆ ನೆಲದಿಂದ ನಾವೇ ಎದ್ದು ನಿಲ್ಲುವಂತೆ ಮಾಡುವುದೂ ಅದೇ. ವಾರಕ್ಕೆ ಎರಡು ದಿನವಾದರೂ ಬಲ ಹಾಕುವ ವ್ಯಾಯಾಮ ಬೇಕು. ನಾನು ಜಿಮ್ಮಿಗೆ ಹೋಗಿಲ್ಲ. ಹೊಲಿಗೆಯ ಸ್ಟೂಲಿನ ಮೇಲೆ ಕೈ ಊರದೆ ಕುಂತು ಏಳುವುದರಿಂದ ಶುರು ಮಾಡಿದೆ, ಈಗ ಸ್ಟೂಲಿಲ್ಲದೆ ಬಸ್ಕಿ ಹೊಡೆಯುತ್ತೇನೆ. ಗೋಡೆಗೆ ಕೈ ಕೊಟ್ಟು ದಂಡ, ಐದು ಲೀಟರಿನ ಎರಡು ಕ್ಯಾನಿಗೆ ನೀರು ತುಂಬಿ ಎತ್ತಿ ಇಳಿಸುವುದು. ನೀರು ಬಂದ ದಿನ ಕೊಡ ಹೊರುವ ಕೆಲಸ ಮಗನಿಗೆ ಬಿಡುತ್ತಿದ್ದವಳು ಈಗ ಅರ್ಧ ನಾನೇ ಹೊರುತ್ತೇನೆ. ಮಣಕಾಲು ಸವೆದವರು ಮಾತ್ರ ವೈದ್ಯರನ್ನು ಕೇಳಿಯೇ ಬಸ್ಕಿಗೆ ಇಳಿಯಬೇಕು.

ಮದುವೆ ಸೀಸನ್ನಿನಲ್ಲಿ ನಮ್ಮ ಕಸುಬಿನವರಿಗೆ ನಿದ್ದೆ ಇರುವುದಿಲ್ಲ. ಶಿಕಾಗೊದಲ್ಲಿ ಮಾಡಿದ, 2010ರಲ್ಲಿ ಪ್ರಕಟವಾದ ಒಂದು ಚಿಕ್ಕ ಪ್ರಯೋಗದ ಬಗ್ಗೆ ಮಗಳು ಹೇಳಿದಳು. ಅದೇ ಜನರಿಗೆ ಕಡಿಮೆ ಊಟ ಕೊಟ್ಟು, ಎರಡು ವಾರ ಎಂಟೂವರೆ ತಾಸು, ಇನ್ನೆರಡು ವಾರ ಐದೂವರೆ ತಾಸು ಮಲಗಲು ಬಿಟ್ಟರಂತೆ. ತೂಕ ಎರಡೂ ಸಲ ಹೆಚ್ಚೂಕಡಿಮೆ ಅಷ್ಟೇ ಇಳಿಯಿತು. ಆದರೆ ನಿದ್ದೆಗೆಟ್ಟಾಗ ಕರಗಿದ ಕೊಬ್ಬು ಚೆನ್ನಾಗಿ ಮಲಗಿದಾಗಿನ ಅರ್ಧಕ್ಕಿಂತ ಕಡಿಮೆ, ಇಳಿದ ತೂಕದಲ್ಲಿ ಉಳಿದದ್ದೆಲ್ಲ ಸ್ನಾಯು ಮುಂತಾದದ್ದು; ಹಸಿವೂ ಹೆಚ್ಚು. ಇದನ್ನು ಕೇಳಿದ ಮೇಲೆ ರಾತ್ರಿ ಹತ್ತೂವರೆಗೆ ಅಂಗಡಿಯ ದೀಪ ಆರಿಸುತ್ತೇನೆ. ಅವಸರದ ಗಿರಾಕಿಗಳಿಗೆ ತಾರೀಖು ಮುಂದೆ ಕೊಡುತ್ತೇನೆ.

ಒಂದು ಮಾತು ಒತ್ತಿ ಹೇಳಬೇಕು. ಊಟ ಓಡಾಟ ಎಲ್ಲ ಸರಿ ಇದ್ದೂ ತೂಕ ಏರುತ್ತಿದ್ದರೆ, ಸದಾ ದಣಿವು, ಚಳಿ ತಡೆಯದಿರುವುದು, ಕೂದಲು ಉದುರುವುದು, ಮುಟ್ಟಿನ ಏರುಪೇರು ಇದ್ದರೆ, ಥೈರಾಯ್ಡ್ ಗ್ರಂಥಿ ಸರಿ ನಡೆಯುತ್ತಿದೆಯೇ ಅಂತ ತಿಳಿಸುವ ಟಿಎಸ್‌ಎಚ್ ಎಂಬ ರಕ್ತ ಪರೀಕ್ಷೆ ಮಾಡಿಸಿ. ನನ್ನ ನೆಗೆಣ್ಣಿಗೆ ಹೀಗೇ ಥೈರಾಯ್ಡ್ ಕೊರತೆ ಇರುವುದು ಗೊತ್ತಾಯಿತು. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಗುಳಿಗೆ ತೆಗೆದುಕೊಳ್ಳಲು ಶುರು ಮಾಡಿದ ಮೇಲೆ ಅವಳ ಮುಖಕ್ಕೆ ಕಳೆ ಬಂತು. ಅಂಥವರನ್ನು ಆಲಸಿ ಅನ್ನುವುದು ಅನ್ಯಾಯ.

ನನ್ನ ತೂಕ ನಿಧಾನಕ್ಕೆ ಇಳಿಯಿತು, ಕೆಲವು ತಿಂಗಳು ಇಳಿಯಲೇ ಇಲ್ಲ. ಮೈ ಹಗುರಾದಂತೆ ಅದಕ್ಕೆ ಬೇಕಾಗುವ ಶಕ್ತಿಯೂ ಕಮ್ಮಿಯಾಗುತ್ತದೆ, ಹಾಗಾಗಿ ಒಂದು ಹಂತದಲ್ಲಿ ಮುಳ್ಳು ನಿಲ್ಲುವುದು ಸಹಜ. ಆ ತಿಂಗಳುಗಳಲ್ಲಿ ಊಟ ಇನ್ನೂ ಕತ್ತರಿಸದೆ ಬಸ್ಕಿ ಹೆಚ್ಚಿಸಿದೆ. ತಕ್ಕಡಿ ಅಲ್ಲೇ ನಿಂತಿದ್ದರೂ ಟೇಪು ಅರ್ಧ ಇಂಚು ಕೆಳಗೆ ಬಂತು. ಈಗ ಗಿರಾಕಿಗಳು ಕೇಳಿದರೆ ತೂಕಕ್ಕಿಂತ ಮೊದಲು ಸೊಂಟ ನೋಡಿಕೊಳ್ಳಿ ಅನ್ನುತ್ತೇನೆ. ನಾವು ಪರಕಾರ ಕಟ್ಟುವ ಜಾಗದಲ್ಲಿ ಅಲ್ಲ. ಕೊನೆಯ ಪಕ್ಕೆಲುಬಿನ ಕೆಳಗೆ, ಸೊಂಟದ ಎಲುಬಿನ ಮೇಲೆ, ಅವೆರಡರ ನಟ್ಟನಡುವೆ. ಕಾಲು ಸ್ವಲ್ಪ ಅಗಲಿಸಿ ನಿಂತು, ಹೊಟ್ಟೆ ಒಳಗೆ ಎಳೆದುಕೊಳ್ಳದೆ, ಸಾವಕಾಶ ಉಸಿರು ಬಿಟ್ಟ ಮೇಲೆ ಟೇಪು ಓದಬೇಕು. ನಮ್ಮ ದೇಶದ ಹೆಣ್ಣುಮಕ್ಕಳಿಗೆ ಮಿತಿ 80 ಸೆಂಟಿಮೀಟರ್, ಅಂದರೆ ಮೂವತ್ತೊಂದೂವರೆ ಇಂಚು. ಗಂಡಸರಿಗೆ 90, ಮೂವತ್ತೈದೂವರೆ ಇಂಚು. ಅದನ್ನು ದಾಟಿದ್ದರೆ ಸಕ್ಕರೆ, ರಕ್ತದೊತ್ತಡ ಎರಡನ್ನೂ ಒಮ್ಮೆ ತೋರಿಸಿಕೊಳ್ಳಿ. ಬೆಳಿಗ್ಗೆ ನಾಷ್ಟಾಕ್ಕೆ ಮುಂಚೆ ಅಳೆಯಿರಿ, ತಿಂಗಳಿಗೊಮ್ಮೆ ಸಾಕು.